ಟಾರ್ಚಿನ ಮೈ

ನಮ್ಮ ಕಡೆ, ಅಂದರೆ ತರೀಕೆರೆ ಸುತ್ತಿನ ಅಡಿಕೆ ತೋಟಗಳ ಸೀಮೆಯಲ್ಲಿ, ಟಾರ್ಚನ್ನು ಟಾರ್ಚ್ ಅನ್ನುವವರು ಕಡಿಮೆ. ‘ಬ್ಯಾಟ್ರಿ’ ಅನ್ನುವುದೇ ರೂಢಿ. ಒಳಗೆ ಹಾಕುವುದು ಸೆಲ್ಲು, ಕೈಯಲ್ಲಿ ಹಿಡಿಯುವುದು ಬ್ಯಾಟ್ರಿ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟ್ರಿ ಇತ್ತು. ಮೇಲೆ ನಿಕಲ್ ಹೊಳಪು, ಹೊಳಪು ಸವೆದ ಕಡೆ ಹಳದಿ. ಫ್ಯೂಸು ಹೋದ ರಾತ್ರಿ ಅಪ್ಪ ಸ್ಟೂಲು ಹತ್ತಿ ಮೀಟರ್ ಬೋರ್ಡಿನಲ್ಲಿ ಫ್ಯೂಸ್ ಇರುವ ಕಟೌಟು ಕೀಳುತ್ತಿದ್ದರು. ನಾನು ಕೆಳಗೆ ನಿಂತು ಬೆಳಕು ಬಿಡಬೇಕು. “ಏಯ್, ನನ್ನ ಮುಖಕ್ಕಲ್ಲ, ಬೋರ್ಡಿಗೆ ಬಿಡೋ” ಅನ್ನಿಸಿಕೊಳ್ಳದೆ ಒಂದು ರಾತ್ರಿಯೂ ಕಳೆದದ್ದಿಲ್ಲ. ನಾನು ನಿದ್ದೆ ಹೋಗಿದ್ದ ದಿನ ಅಪ್ಪ ಆ ಬ್ಯಾಟ್ರಿಯ ಹಿಂಬದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಫ್ಯೂಸ್ ತಂತಿ ಸುತ್ತುತ್ತಿದ್ದರು.

ಮುಂದೆ ನಾನು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಮೇಷ್ಟ್ರಾದೆ. ಕಟಿಂಗ್ ಪ್ಲೇಯರಿನ ಹಿಡಿ ಒಡೆದಿದೆಯೇ, ಸ್ಕ್ರೂಡ್ರೈವರಿನ ಕಾಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆಯೇ, ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತಿದೆಯೇ ಎಂದು ಗಾಳಿ ತುಂಬಿಸಿ ನೋಡುವುದು, ಇದೆಲ್ಲ ಹುಡುಗರಿಗೆ ಮೊದಲ ತಿಂಗಳ ಪಾಠ. ಬೆಳಕಿನ ಮಾತು ಬಂದಾಗ ಮಾತ್ರ “ಒಂದು ಟಾರ್ಚ್ ಇಟ್ಟುಕೊಳ್ಳಿ” ಅಂತ ಒಂದೇ ಸಾಲು. ಎಂಥದ್ದು ಎಂದು ಹುಡುಗರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೆ ಬಹಳ ವರ್ಷ ನಡೆಯಿತು. ಆ ಬಿಟ್ಟುಹೋದ ಪಾಠವನ್ನು ಇವತ್ತು ಹೇಳಬೇಕೆಂದು ಬಂದಿದ್ದೇನೆ.

ಕರೆಂಟು ಹೋದಾಗ ತಾನೇ ಟಾರ್ಚ್ ಬೇಕಾಗುವುದು, ಕರೆಂಟೇ ಇಲ್ಲದ ಮೇಲೆ ಟಾರ್ಚು ಹಿತ್ತಾಳೆಯದಾದರೇನು, ಪ್ಲಾಸ್ಟಿಕ್ಕಿನದಾದರೇನು ಅಂತ ಕೇಳುವವರಿದ್ದಾರೆ. ಮೇಲ್ನೋಟಕ್ಕೆ ಸರಿಯಾದ ಪ್ರಶ್ನೆಯೇ. ಆದರೆ ಕತ್ತಲಾಯಿತು ಎಂದರೆ ಕರೆಂಟು ಸತ್ತಿತು ಎಂದು ಅರ್ಥವಲ್ಲ. ಮನೆಯ ಫ್ಯೂಸು ಹೋದರೆ ದೀಪ ಆರುತ್ತದೆ, ಆದರೆ ಕಂಬದಿಂದ ಮೀಟರಿಗೆ, ಮೀಟರಿನಿಂದ ಕಟೌಟಿನ ಮೇಲುಗಡೆಯ ತುದಿಗೆ ಬರುವ ತಂತಿಯಲ್ಲಿ 230 ವೋಲ್ಟ್ ಹಾಗೇ ಕಾದಿರುತ್ತದೆ. ಮೇನ್ ಸ್ವಿಚ್ ಇಳಿಸಿದರೂ ಅದರ ಮೇಲುಭಾಗ ಜೀವಂತ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದ ಮೇಲೂ ಕೆಲವು ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ನು ಲೈನಿನ ಕೆಲಸದವರ ಕಷ್ಟವೇ ಬೇರೆ. ಮಳೆಗಾಲದ ರಾತ್ರಿ ಮರ ಬಿದ್ದು ಇಡೀ ಊರು ಕತ್ತಲಾದಾಗ, ಲೈನಿನಲ್ಲಿ ಕರೆಂಟಿಲ್ಲವೆಂಬ ಲೈನ್ ಕ್ಲಿಯರ್ (ಎಲ್.ಸಿ.) ತೆಗೆದುಕೊಂಡು ಕಂಬ ಹತ್ತಿದ ಹುಡುಗನಿಗೆ ಯಾರದೋ ಮನೆಯ ಜನರೇಟರಿನ ಕರೆಂಟು ಟಿ.ಸಿ. ಮೂಲಕ ತಿರುಗಿ ಮೇಲೆ ಹತ್ತಿ ಬಂದು ಹೊಡೆಯಬಹುದು. ಟಿ.ಸಿ. ಅನ್ನುವ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಕೆಳಗಿಳಿಸುವಷ್ಟೇ ಸಲೀಸಾಗಿ, ಕೆಳಗಿನಿಂದ ಕೊಟ್ಟದ್ದನ್ನು ಮೇಲಕ್ಕೂ ಏರಿಸುತ್ತದೆ. ಲೈನನ್ನು ಪರೀಕ್ಷಿಸಿ ಅರ್ತ್ ಮಾಡಿಯೇ ಕೈಯಿಡಬೇಕು ಅನ್ನುವುದು ಇದಕ್ಕೇ.

ಹಾಗಾಗಿ ನಾವು ಟಾರ್ಚ್ ಹಿಡಿಯುವ ಜಾಗದಲ್ಲಿ ಕರೆಂಟು ಸಾಮಾನ್ಯವಾಗಿ ಒಂದು ಗೇಣು ದೂರದಲ್ಲೇ ಇರುತ್ತದೆ. ಆ ಒಂದು ಗೇಣಿನಷ್ಟೇ ಉದ್ದ ನಮ್ಮ ಟಾರ್ಚೂ ಇರುತ್ತದೆ.

ಲೋಹದ ಟಾರ್ಚಿನ ಮೂತಿ ಒಂದು ಜೀವಂತ ತುದಿಗೆ ತಾಗಿತು ಅನ್ನಿ. ಆಗ ಅದು ದೀಪವಲ್ಲ, ಕೈಯಲ್ಲಿ ಹಿಡಿದ ತಂತಿ. ಒದ್ದೆ ಕೈ, ಒದ್ದೆ ಕಾಲಿನ ಮನುಷ್ಯನ ಮೈ ಒಡ್ಡುವ ತಡೆ ಹೆಚ್ಚುಕಡಿಮೆ 1,000 ಓಮ್‌ಗೆ ಇಳಿಯಬಹುದು. 230ನ್ನು 1,000ದಿಂದ ಭಾಗಿಸಿದರೆ 230 ಮಿಲಿಆಂಪಿಯರ್. 10ರಿಂದ 15 ಮಿಲಿಆಂಪಿಯರ್ ಹರಿದರೆ ಸಾಕು, ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. 50 ದಾಟಿದರೆ ಹೃದಯದ ಬಡಿತ ಲಯ ತಪ್ಪಬಹುದು. ಮನೆಗಳಿಗೆ ಹಾಕುವ ಒಳ್ಳೆಯ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರಿಗೇ ಕರೆಂಟು ಕಡಿದುಹಾಕುವುದು ಈ ಲೆಕ್ಕದಿಂದಲೇ. ಆದರೆ ಮೀಟರಿನ ಹಿಂದೆ, ಕಟೌಟಿನ ಮೇಲುಗಡೆ, ಕಂಬದ ಬುಡದಲ್ಲಿ ಆ ಕಾವಲುಗಾರ ಇರುವುದಿಲ್ಲ.

ಬಾಯಲ್ಲಿ ಕಚ್ಚಿದರಂತೂ ಲೆಕ್ಕ ಇನ್ನೂ ಕೆಡುತ್ತದೆ. ಅಂಗೈಗೆ ಒಣ ಚರ್ಮದ ಒಂದು ಪದರ ಅಡ್ಡ ಇದೆ. ನಮ್ಮ ಮೈಯ ತಡೆಯ ಬಹುಪಾಲು ಇರುವುದು ಆ ಪದರದಲ್ಲೇ. ತುಟಿ, ನಾಲಿಗೆಗಳಿಗೆ ಅದು ಇಲ್ಲ, ಮೇಲೆ ಎಂಜಲಿನ ತೇವ ಬೇರೆ. ಕೈಯೊಂದು ಬೋರ್ಡಿನ ಅರ್ತಿನ ಮೇಲಿದ್ದು, ಬಾಯಲ್ಲಿರುವ ಲೋಹ ಫೇಸಿಗೆ ತಾಗಿದರೆ ಕರೆಂಟು ಮುಖದಿಂದ ಎದೆಗಿಳಿದು ಕೈಗೆ ಹೋಗುತ್ತದೆ. ನಮ್ಮಪ್ಪ ಎಂಬತ್ತು ದಾಟಿ ಬದುಕಿದರು. ಅದನ್ನು ನೆನೆದರೆ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ನಡುಕವೇ ಬರುತ್ತದೆ.

ಶಾಕು ಹೊಡೆಯುವುದು ಎಲ್ಲರಿಗೂ ಗೊತ್ತಿರುವ ಅಪಾಯ. ಗೊತ್ತಿಲ್ಲದ್ದು ಇನ್ನೊಂದಿದೆ, ಅದನ್ನು ನನಗೆ ಕಲಿಸಿದ್ದು ನನ್ನ ಶಿಷ್ಯನೊಬ್ಬ. ಪಾಸಾಗಿ ಒಂದು ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದ. ರಾತ್ರಿ ಪಾಳಿ. ಪ್ಯಾನೆಲ್ ಬೋರ್ಡಿನ ಬಾಗಿಲು ತೆಗೆದು ಸುಟ್ಟ ವಾಸನೆ ಎಲ್ಲಿಂದ ಎಂದು ಹುಡುಕುತ್ತಿದ್ದ. ಕೈಯೆರಡೂ ಬೇಕಾಗಿ ಅಲ್ಯೂಮಿನಿಯಂ ಟಾರ್ಚನ್ನು ಕತ್ತು ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡಿದ್ದ. ಬಗ್ಗಿದಾಗ ಅದು ಜಾರಿ ಒಳಗೆ ಬಿತ್ತು, ಕರೆಂಟು ಸಾಗಿಸುವ ಎರಡು ಲೋಹದ ಪಟ್ಟಿಗಳಿಗೆ, ಅಂದರೆ ಬಸ್‌ಬಾರುಗಳಿಗೆ, ಅಡ್ಡಲಾಗಿ. ಅವನಿಗೆ ಶಾಕು ಹೊಡೆಯಲಿಲ್ಲ, ಅವನು ಏನನ್ನೂ ಮುಟ್ಟಿರಲೇ ಇಲ್ಲ. ಹೊಡೆದದ್ದು ಬೆಂಕಿ. ಮುಖ, ಕತ್ತು, ಬಲಗೈ ಸುಟ್ಟು ಮೂರು ತಿಂಗಳು ಹಾಸಿಗೆಯಲ್ಲಿದ್ದ. ನೋಡಲು ಹೋದಾಗ ಅವನ ಅಮ್ಮ ಆ ಟಾರ್ಚನ್ನು ತಂದು ತೋರಿಸಿದರು. ನಡುವೆ ಬೆರಳು ತೂರುವಷ್ಟು ಕರಗಿಹೋಗಿತ್ತು. “ಮೇಷ್ಟ್ರೇ, ದೀಪದಿಂದ ಹೀಗಾಗ್ತದಾ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತಲ್ಲ, ಅದನ್ನು ಆ ಹುಡುಗನಿಗೆ ಮೊದಲೇ ಹೇಳಿರಲಿಲ್ಲ ಅಂತ.

ಲೆಕ್ಕ ಹೀಗಿದೆ. ನಮ್ಮ ಹಳ್ಳಿಗಳಲ್ಲಿ ಕಾಣುವ 100 ಕೆ.ವಿ.ಎ. ಟಿ.ಸಿ. ಪೂರ್ತಿ ಹೊರೆ ಹೊತ್ತಾಗ ಒಂದೊಂದು ಫೇಸಿನಲ್ಲಿ ಹೆಚ್ಚುಕಡಿಮೆ 139 ಆಂಪಿಯರ್ ಹರಿಯುತ್ತದೆ. ಅದರ ಬಾಯಲ್ಲೇ ಎರಡು ಫೇಸು ಕೂಡಿಬಿಟ್ಟರೆ ಹರಿಯುವುದು ಅದರ ಇಪ್ಪತ್ತು ಪಟ್ಟಿನ ಆಸುಪಾಸು, ಸಾವಿರಗಟ್ಟಲೆ ಆಂಪಿಯರ್. ಕಾರ್ಖಾನೆಯ ದೊಡ್ಡ ಟ್ರಾನ್ಸ್‌ಫಾರ್ಮರಿನ ಹತ್ತಿರ ಇನ್ನೂ ಹೆಚ್ಚು. ಅಷ್ಟು ಕರೆಂಟು ಒಂದು ಟಾರ್ಚಿನ ಮೈಯಲ್ಲಿ ಹರಿದಾಗ ಲೋಹ ಆವಿಯಾಗುತ್ತದೆ, ಆ ಆವಿಯಲ್ಲೇ ಮತ್ತೆ ಕರೆಂಟು ಹರಿದು ಬೆಂಕಿಯ ಕಮಾನು ಏಳುತ್ತದೆ. ಅದರ ಶಾಖ ಸೂರ್ಯನ ಮೇಲ್ಮೈಯ 5,500 ಡಿಗ್ರಿಯನ್ನೂ ಮೀರಿಸಬಲ್ಲದು. ಬಸ್‌ಬಾರುಗಳ ನಡುವಿನ ಅಂತರ ಕೆಲವೇ ಸೆಂಟಿಮೀಟರ್. ಅದಕ್ಕೆ ಅಡ್ಡ ಬೀಳಲು ಜೇಬಿನಲ್ಲಿಡುವ ಪುಟ್ಟ ಟಾರ್ಚೂ ಸಾಕು. ಅದೇ ಟಾರ್ಚು ಪ್ಲಾಸ್ಟಿಕ್ಕಿನದಾಗಿದ್ದರೆ ‘ಟಕ್’ ಅಂತ ಸದ್ದಾಗುತ್ತಿತ್ತು, ಹುಡುಗ ಸ್ವಿಚ್ ಇಳಿಸಿ ಅದನ್ನು ಎತ್ತಿಕೊಳ್ಳುತ್ತಿದ್ದ.

ಟಾರ್ಚು ಹುಟ್ಟಿದಾಗ ಅದರ ಮೈ ಲೋಹದ್ದಾಗಿರಲಿಲ್ಲ ಅನ್ನುವುದು ನಿಮಗೆ ಅಚ್ಚರಿಯಾದೀತು. 1899ರ ಜನವರಿಯಲ್ಲಿ ಡೇವಿಡ್ ಮಿಸೆಲ್ ಎಂಬ ಸಂಶೋಧಕರು ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕೊಳವೆ ಟಾರ್ಚಿನಲ್ಲಿ ಸೆಲ್ಲುಗಳನ್ನು ಒಂದರ ಹಿಂದೊಂದು ಕಾಗದದ ಕೊಳವೆಯಲ್ಲಿ ಜೋಡಿಸಿದ್ದರು. ಹಿತ್ತಾಳೆ ಇದ್ದದ್ದು ಬಲ್ಬಿನ ಹಿಂದಿನ ಕನ್ನಡಿಗೆ. ಗಟ್ಟಿಯಾಗಿರಲಿ, ಬಾಳಿಕೆ ಬರಲಿ ಎಂದು ಮೈ ತಗಡಿಗೆ, ಹಿತ್ತಾಳೆಗೆ, ಅಲ್ಯೂಮಿನಿಯಂಗೆ ಬಂದದ್ದು ಆಮೇಲೆ. ಈಗ ಎಲ್.ಇ.ಡಿ. ಕಾಲದಲ್ಲಿ ಅಲ್ಯೂಮಿನಿಯಂ ಮತ್ತೆ ಬಲವಾಗಿ ನೆಲೆಯೂರಿದೆ. ಕಾರಣ ಅಂದವಲ್ಲ, ಶಾಖ. ಎಲ್.ಇ.ಡಿ. ಮುಂದಕ್ಕೆ ತಣ್ಣಗಿನ ಬೆಳಕು ಕೊಟ್ಟರೂ ಅದರ ಬೆನ್ನು ಕಾಯುತ್ತದೆ. ಆ ಕಾವನ್ನು ಹೊರಗೆ ಸಾಗಿಸದಿದ್ದರೆ ಅದು ಬೇಗ ಹಾಳಾಗುತ್ತದೆ. ಲೋಹದ ಮೈ ಕಾವನ್ನು ಹೊರಗೊಯ್ಯುತ್ತದೆ. ಕಾವನ್ನು ಸಲೀಸಾಗಿ ಸಾಗಿಸುವ ಲೋಹ ಕರೆಂಟನ್ನೂ ಅಷ್ಟೇ ಸಲೀಸಾಗಿ ಸಾಗಿಸುತ್ತದೆ, ಎರಡೂ ಕೆಲಸ ಮಾಡುವುದು ಅದರೊಳಗಿನ ಅದೇ ಎಲೆಕ್ಟ್ರಾನುಗಳು.

ಅಂಗಡಿಯಲ್ಲಿ ಲ್ಯೂಮೆನ್ ಲೆಕ್ಕ ನೋಡಿ ಟಾರ್ಚ್ ಕೊಳ್ಳುವ ಚಟ ಈಗ ಎಲ್ಲರಿಗೂ ಬಂದಿದೆ. ಸಾವಿರ, ಎರಡು ಸಾವಿರ ಲ್ಯೂಮೆನ್ ಕೊಡುವವು ಹೆಚ್ಚಿನವು ಲೋಹದ ಮೈಯವು. ಕರೆಂಟಿನ ಕೆಲಸಕ್ಕೆ ಅಷ್ಟು ಬೆಳಕು ಬೇಕೇ ಆಗುವುದಿಲ್ಲ. ಬೋರ್ಡು ಇರುವುದು ಮೂಗಿನ ಮುಂದೆ. 100ರಿಂದ 200 ಲ್ಯೂಮೆನ್ ಹದವಾಗಿ ಹರಡಿದರೆ ಸಾಕು. ಹೆಚ್ಚಾದರೆ ತಾಮ್ರದ ಪಟ್ಟಿಯಿಂದ, ಮೀಟರಿನ ಗಾಜಿನಿಂದ ಪ್ರತಿಫಲಿಸಿ ಕಣ್ಣಿಗೇ ಚುಚ್ಚುತ್ತದೆ. ಡಬ್ಬದ ಮೇಲೆ ‘200 ಮೀಟರ್ ದೂರ’ ಅಂತ ಬರೆದದ್ದರ ಗುಟ್ಟೂ ಕೇಳಿ. ಟಾರ್ಚುಗಳಿಗೆಂದೇ ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್.ಎಲ್. 1 ಮಾನದಂಡದಲ್ಲಿ ದೂರ ಎಂದರೆ ಬೆಳಕು ಕಾಲು ಲಕ್ಸ್‌ಗೆ, ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ಜಾಗ. ಬೆಳದಿಂಗಳಲ್ಲಿ ಜಂಪರ್ ತಂತಿ ಕಟ್ಟಲಾಗುತ್ತದೆಯೇ? ಆ ಮಾನದಂಡ ಬೆಳಕನ್ನು, ಸೆಲ್ಲಿನ ಬಾಳಿಕೆಯನ್ನು, ಬಿದ್ದರೆ ತಡೆಯುತ್ತದೆಯೇ, ನೀರು ನುಗ್ಗುತ್ತದೆಯೇ ಎಂಬುದನ್ನು ಅಳೆಯುತ್ತದೆ. ಮೈ ಕರೆಂಟು ಹರಿಸುತ್ತದೆಯೋ ಇಲ್ಲವೋ ಎಂಬುದು ಅದರ ಲೆಕ್ಕದಲ್ಲಿ ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಹೇಗೆ ನೋಡುವುದು? ಹಣದ ಅಡ್ಡಿ ಇಲ್ಲ, ಪ್ಲಾಸ್ಟಿಕ್ ಮೈಯ ಟಾರ್ಚು ಸಾಮಾನ್ಯವಾಗಿ ಲೋಹದ್ದಕ್ಕಿಂತ ಅಗ್ಗ. ಎ.ಬಿ.ಎಸ್., ಪಾಲಿಕಾರ್ಬೊನೇಟ್, ನೈಲಾನ್, ಇವೆಲ್ಲ ಒಳ್ಳೆಯ ಅವಾಹಕಗಳು. ಕೈಗೆ ತೆಗೆದುಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿ. ಗಾಜಿನ ಸುತ್ತ ಸ್ಟೀಲಿನ ಬಳೆ ಇದೆಯೇ? ಮೊದಲು ತಾಗುವುದು ಅದೇ. ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ಲೋಹದ್ದೇ? ಹಿಂದೆ ದಾರ ಕಟ್ಟಲು ಉಂಗುರ ಇದೆಯೇ? ಅಂಟಿಸಲಿಕ್ಕೆಂದು ಬುಡದಲ್ಲಿ ಆಯಸ್ಕಾಂತ ಇದೆಯೇ? ಅದೂ ಲೋಹವೇ, ಸಾಲದ್ದಕ್ಕೆ ಬಿದ್ದ ಸ್ಕ್ರೂಗಳನ್ನು ಮೈಗೆ ಅಂಟಿಸಿಕೊಂಡು ಬರುತ್ತದೆ. ಪ್ಲಾಸ್ಟಿಕ್ಕೇ ಆದರೂ ಮೇಲೆ ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪ ಇದ್ದರೆ ಅದನ್ನು ಮರಳಿ ಇಟ್ಟುಬಿಡಿ. ಆ ಹೊಳಪು ಲೋಹದ ತೆಳು ಪದರ, ಕರೆಂಟಿಗೆ ಅದು ಸಾಕು. ಬಣ್ಣ ಹಚ್ಚಿದ್ದು ಲೋಹವೋ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಕೆನ್ನೆಗೆ ಒತ್ತಿ ನೋಡಿ, ಲೋಹ ತಣ್ಣಗೆ ಕೊರೆಯುತ್ತದೆ. ಆಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅಲ್ಯೂಮಿನಿಯಂಗೂ ಹಿತ್ತಾಳೆಗೂ ಆಯಸ್ಕಾಂತ ಅಂಟುವುದಿಲ್ಲ, ಆ ಪರೀಕ್ಷೆ ನಂಬಬೇಡಿ. ಮಲ್ಟಿಮೀಟರ್ ಇದ್ದರೆ ಮೈಮೇಲೆ ಎರಡೆರಡು ಕಡೆ ಮುಟ್ಟಿಸಿ ನೋಡುವುದು ಒಳ್ಳೆಯದು, ಆದರೆ ಅದು ಒಂಬತ್ತು ವೋಲ್ಟಿನ ಬ್ಯಾಟರಿಯ ಮಾತು, 230ರ ಮಾತಲ್ಲ.

ಅಲ್ಯೂಮಿನಿಯಂ ಟಾರ್ಚಿನ ಕಪ್ಪು ಲೇಪದ ಬಗ್ಗೆ ಹುಡುಗರು ವಾದಿಸುತ್ತಾರೆ. “ಸಾರ್, ಅದು ಅನೊಡೈಸ್ ಮಾಡಿದ್ದು, ಅಲ್ಯೂಮಿನಿಯಂ ಆಕ್ಸೈಡ್ ಅವಾಹಕ ಅಂತ ನೀವೇ ಹೇಳಿದ್ದೀರಿ.” ಹೇಳಿದ್ದು ನಿಜ. ಆ ಪದರದ ದಪ್ಪ ಎಷ್ಟು? ಮೈಕ್ರಾನುಗಳ ಲೆಕ್ಕ, ತಲೆಗೂದಲಿಗಿಂತ ತೆಳು. ಜೇಬಿನಲ್ಲಿ ಕೀಲಿಕೈ ಜೊತೆ ಒಂದು ವಾರ ಓಡಾಡಿದರೆ ಅಂಚುಗಳಲ್ಲಿ ಬೆಳ್ಳಗೆ ಗೀರು ಬೀಳುತ್ತದೆ. ಆ ಗೀರಿನಲ್ಲಿ ಅವಾಹಕ ಮುಗಿಯಿತು.

ಇದ್ದ ಲೋಹದ ಟಾರ್ಚಿಗೇ ಸೈಕಲ್ ಟ್ಯೂಬು ತೊಡಿಸುವುದು ನಮ್ಮ ಹಳ್ಳಿಯ ಉಪಾಯ. ರಬ್ಬರು ಅಂದ ಮೇಲೆ ಕರೆಂಟು ತಡೆಯುತ್ತದೆ ಎಂಬ ನಂಬಿಕೆ. ಆದರೆ ಟ್ಯೂಬಿನ ರಬ್ಬರು ಕಪ್ಪಗಿರುವುದು ಅದಕ್ಕೆ ಬೆರೆಸಿದ ಇಂಗಾಲದ ಪುಡಿಯಿಂದ, ಇಂಗಾಲ ವಾಹಕ. ಎಷ್ಟು ಬೆರೆಸಿದ್ದಾರೆ, ಎಷ್ಟು ತಡೆಯುತ್ತದೆ ಎಂದು ಯಾರೂ ಅಳೆದು ಕೊಟ್ಟಿರುವುದಿಲ್ಲ. ಇನ್ಸುಲೇಷನ್ ಟೇಪು ಸುತ್ತಿದರೆ ಬೆವರಿಗೆ, ಬಿಸಿಗೆ ಅಂಟು ಸಡಿಲಿ ಅಂಚು ಏಳುತ್ತದೆ. ಎರಡರಲ್ಲೂ ಮುಂದಿನ ಮೂತಿ ಬರಿಯ ಲೋಹವಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಡಬ್ಬದ ಮೇಲೆ ‘ನಾನ್ ಕಂಡಕ್ಟಿವ್’ ಎಂದಿದ್ದರೆ ಮೈ ಲೋಹದ್ದಲ್ಲ ಎಂದಷ್ಟೇ ಅರ್ಥ. ಅದು ಇನ್ಸುಲೇಟೆಡ್ ಉಪಕರಣ ಅಲ್ಲ. ಜೀವಂತ ತಂತಿಯ ಮೇಲೆ ಕೆಲಸ ಮಾಡಲೆಂದು ತಯಾರಾದ ಪ್ಲೇಯರು, ಸ್ಕ್ರೂಡ್ರೈವರುಗಳ ಮೇಲೆ ಎರಡು ತ್ರಿಕೋನ, ಪಕ್ಕದಲ್ಲಿ 1000 ವಿ ಎಂಬ ಗುರುತು ಇರುತ್ತದೆ. ಐ.ಇ.ಸಿ. 60900 ಎಂಬ ಮಾನದಂಡದ ಪ್ರಕಾರ ಅವನ್ನು 10,000 ವೋಲ್ಟಿನಲ್ಲಿ ಪರೀಕ್ಷಿಸಿ, 1,000 ವೋಲ್ಟಿನವರೆಗಿನ ಕೆಲಸಕ್ಕೆ ಕೊಡುತ್ತಾರೆ. ಸಾಧಾರಣ ಪ್ಲಾಸ್ಟಿಕ್ ಟಾರ್ಚು ಆ ಪರೀಕ್ಷೆಗೆ ಕೂತಿರುವುದಿಲ್ಲ. ಕೈತಪ್ಪಿ ತಾಗಿದರೆ ಕಾಪಾಡೀತು ಎಂದು ಅದನ್ನು ಕೊಳ್ಳಿ. ಅದರ ಮೂತಿಯಿಂದ ತಂತಿಯನ್ನು ಪಕ್ಕಕ್ಕೆ ಸರಿಸಿ ನೋಡಲು ಅಲ್ಲ. 11 ಕೆ.ವಿ. ಲೈನಿನ ಹತ್ತಿರವಂತೂ ಟಾರ್ಚು ಯಾವುದರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ನಮ್ಮನ್ನು ಉಳಿಸುವುದು ದೂರ ಮಾತ್ರ.

ಎರಡೂ ಕೈ ಬೇಕಾಗುವ ಕೆಲಸಕ್ಕೆ ತಲೆಗೆ ಕಟ್ಟುವ ಟಾರ್ಚೇ ಸರಿ. ಈಗ ಅದು ಎಲ್ಲ ಪೇಟೆಗಳಲ್ಲೂ ಸಿಗುತ್ತದೆ, ರಾತ್ರಿ ತೋಟದ ಕೆಲಸದವರೂ ಕಟ್ಟಿಕೊಳ್ಳುತ್ತಾರೆ. ಬಾಯಿ, ಕತ್ತು, ಕಂಕುಳು ಎಲ್ಲಕ್ಕೂ ಬಿಡುಗಡೆ. ಅದರಲ್ಲೂ ಪ್ಲಾಸ್ಟಿಕ್ ಮೈಯದ್ದನ್ನು ಹುಡುಕಿ. ಹಣೆಯ ಮೇಲಿನ ಅಲ್ಯೂಮಿನಿಯಂ, ತಲೆಯನ್ನು ಬೋರ್ಡಿನೊಳಗೆ ತೂರಿಸಿದಾಗ ಎಲ್ಲಕ್ಕಿಂತ ಮುಂದಿರುತ್ತದೆ. ಮೊಬೈಲಿನ ದೀಪ ಹಿಡಿದು ಬೋರ್ಡು ನೋಡುವುದನ್ನು ದಯವಿಟ್ಟು ಬಿಡಿ. ಎಷ್ಟೋ ಮೊಬೈಲುಗಳ ಅಂಚು ಲೋಹದ್ದು, ಹಿಡಿಯಲು ನಯ, ಜಾರುವುದು ಸುಲಭ.

ಬೆಳಕಿನ ಗುಣದ ಬಗ್ಗೆ ಎರಡು ಮಾತು. ನಮ್ಮಲ್ಲಿ ಮೂರು ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ತಿಗೆ ಹಸಿರು. ಅಗ್ಗದ ನೀಲಿಛಾಯೆಯ ಎಲ್.ಇ.ಡಿ. ಬೆಳಕಿನಲ್ಲಿ ಕೆಂಪು ಮಂಕಾಗಿ ಕಂದು ಬಣ್ಣದಂತೆ ಕಾಣುತ್ತದೆ, ಹಳೆಯ ವೈರಿಂಗಿನಲ್ಲಿ ಧೂಳು ಹಿಡಿದ ಕೆಂಪಿಗೂ ಕಪ್ಪಿಗೂ ವ್ಯತ್ಯಾಸ ಹೋಗಿಬಿಡುತ್ತದೆ. ಸ್ವಲ್ಪ ಬೆಚ್ಚನೆಯ ಬಣ್ಣದ, ಬಣ್ಣವನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆಯಾದ ಸಿ.ಆರ್.ಐ. 80ಕ್ಕಿಂತ ಹೆಚ್ಚಿನ ಬೆಳಕು ಸಿಕ್ಕರೆ ಬಿಡಬೇಡಿ. ಟಾರ್ಚ್ ಕೊಳ್ಳುವಾಗ ಮೂರು ಬಣ್ಣದ ವೈರಿನ ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ ಎಂದು ನಾನು ಹೇಳುತ್ತಿದ್ದೆ, ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ. ಇನ್ನೊಂದು, ಟೆಸ್ಟರಿನೊಳಗಿನ ನಿಯಾನ್ ದೀಪ ಬಹಳ ಸಣ್ಣ ಮಿಣುಕು. ಅದರ ಮೇಲೆ ಟಾರ್ಚಿನ ಬೆಳಕು ನೇರ ಬಿದ್ದರೆ ಉರಿದದ್ದೂ ಉರಿಯದಂತೆ ಕಾಣುತ್ತದೆ. ಕರೆಂಟು ಇಲ್ಲ ಎಂದು ಕೈಯಿಟ್ಟವರಿದ್ದಾರೆ. ಟೆಸ್ಟರ್ ಹಚ್ಚುವ ಹೊತ್ತಿಗೆ ಟಾರ್ಚನ್ನು ಪಕ್ಕಕ್ಕೆ ತಿರುಗಿಸಿ, ಇಲ್ಲವೇ ಅಂಗೈ ಮರೆ ಮಾಡಿ ನೋಡಿ.

ನಮ್ಮ ಸಂತೆಗಳಲ್ಲಿ ಗುಡ್ಡೆ ಹಾಕಿ ಮಾರುವ ಒಂದು ಬಗೆಯ ಟಾರ್ಚಿದೆ. ಬುಡದಿಂದ ಎರಡು ಪಿನ್ನು ಹೊರಗೆಳೆದು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವುದು. ಮೈ ಪೂರ್ತಿ ಪ್ಲಾಸ್ಟಿಕ್, ಬೆಲೆ ಕಡಿಮೆ, ನೋಡಲು ನನ್ನ ಮಾತಿಗೆಲ್ಲ ಒಪ್ಪುವಂಥದ್ದು. ಆದರೆ ಇವುಗಳಲ್ಲಿ ಬಹಳಷ್ಟಕ್ಕೆ ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಕೆಪಾಸಿಟರಿನ ಮೂಲಕ ಕರೆಂಟನ್ನು ತಗ್ಗಿಸಿಕೊಳ್ಳುತ್ತವೆ. ಅಂದರೆ ಚಾರ್ಜಾಗುವಾಗ ಒಳಗಿನ ಸರ್ಕೀಟೆಲ್ಲ ಗೋಡೆಯ ಕರೆಂಟಿಗೇ ಕಟ್ಟಿಕೊಂಡಿರುತ್ತದೆ. ಮೈ ಒಡೆದಿದ್ದರೆ, ಸ್ವಿಚ್ಚಿನ ರಬ್ಬರು ಕಿತ್ತಿದ್ದರೆ, ಒಳಗಿನ ಒಂದು ತಂತಿ ಹೊರಗೆ ಇಣುಕಿದರೆ ಸಾಕು. ಪ್ಲಗ್ಗಿನಿಂದ ಕಿತ್ತ ಕೂಡಲೇ ಪಿನ್ನು ಮುಟ್ಟಿದರೂ ಕೆಲವು ಚುರುಕ್ಕೆನ್ನುತ್ತವೆ, ಕೆಪಾಸಿಟರಿನಲ್ಲಿ ಉಳಿದದ್ದು ಅದು. ಚಾರ್ಜಿಗೆ ಹಾಕಿಕೊಂಡೇ ಹಚ್ಚಿ ಕೆಲಸ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನನ್ನ ಕೇಳಿದರೆ, ಸೆಲ್ಲು ಹಾಕುವ ಟಾರ್ಚೇ ವಾಸಿ.

ತೊಟ್ಟಿ, ಬಾವಿ, ಪೈಪುಗಳ ಒಳಗೆ ಇಳಿದು ಕೆಲಸ ಮಾಡುವವರಿಗೆ ಕಾನೂನೇ ಬೇರೆ ಇದೆ. 1948ರ ಕಾರ್ಖಾನೆ ಕಾಯ್ದೆಯ 36ಎ ವಿಧಿ ಅಂಥ ಇಕ್ಕಟ್ಟಿನೊಳಗೆ, ತಕ್ಕ ರಕ್ಷಣೆಯಿಲ್ಲದೆ, 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದು ಅನ್ನುತ್ತಿತ್ತು. ವಿದ್ಯುತ್ ಸಬ್‌ಸ್ಟೇಷನ್ನಿನ ಬ್ಯಾಟರಿ ಕೋಣೆಯಲ್ಲಿ ಹೈಡ್ರೊಜನ್ ಕೂಡಿರಬಹುದು, ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಆದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ ಆದರೆ ಸಾಲದು, ಕಿಡಿ ಹೊರಬರದಂತೆ ಮಾಡಿ ‘ಇ.ಎಕ್ಸ್.’ ಗುರುತು ಹಾಕಿದ ಟಾರ್ಚೇ ಬೇಕು.

ಲೈನಿನ ಮೇಲೆ ಕೆಲಸ ಮಾಡುವವರಿಗೆ ಕೈಗವಸು, ರಬ್ಬರ್ ಷೂ, ಬೆಲ್ಟು, ಏಣಿ, ಅರ್ತಿಂಗ್ ಸಾಧನ, ಹೆಲ್ಮೆಟ್, ಲೈನ್ ಟೆಸ್ಟರ್ ಮತ್ತು ಇಂಥವನ್ನು ಕೊಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಹೇಳಿದ್ದವು. 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮ ಬಂದಿದೆ. ‘ಇಂಥವು’ ಅನ್ನುವ ಮಾತಿನೊಳಗೆ ಒಂದು ಅವಾಹಕ ಟಾರ್ಚೂ ಇದೆ ಎಂದೇ ನಾನು ಓದಿಕೊಳ್ಳುತ್ತೇನೆ. ಗುತ್ತಿಗೆದಾರರು ಹುಡುಗರನ್ನು ರಾತ್ರಿ ಕಂಬಕ್ಕೆ ಕಳಿಸುವಾಗ ಇದನ್ನು ಅವರವರ ಜೇಬಿನ ಖರ್ಚಿಗೆ ಬಿಡಬಾರದು.

ನನಗೆ ಎಲ್ಲರಿಗಿಂತ ಹೆಚ್ಚು ಚಿಂತೆ ರೈತರದ್ದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ಎಷ್ಟೋ ಸಲ ನಡುರಾತ್ರಿ. ಬರಿಗಾಲು, ಒದ್ದೆ ನೆಲ, ಕೈಯಲ್ಲಿ ತಗಡಿನ ಬ್ಯಾಟ್ರಿ. ಮೋಟರು ಓಡುತ್ತಿಲ್ಲ ಎಂದು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಇಣುಕಿ ನೋಡುತ್ತಾರೆ. ಪೆಟ್ಟಿಗೆ ಕಬ್ಬಿಣದ್ದು, ಬ್ಯಾಟ್ರಿ ಕಬ್ಬಿಣದ್ದು, ಒಳಗೆ 415 ವೋಲ್ಟು. “ತ್ರೀ ಫೇಸ್ ಹೋಗಿದೆ ಬಿಡಿ ಮೇಷ್ಟ್ರೇ, ಏನೂ ಆಗಲ್ಲ” ಅನ್ನುತ್ತಾರೆ. ತ್ರೀ ಫೇಸ್ ಹೋಗಿದ್ದರೂ ತೋಟದ ಮನೆಗಳಿಗೆಂದು ಸಿಂಗಲ್ ಫೇಸ್ ಬಿಟ್ಟಿರುತ್ತಾರೆ. ಮೋಟರು ಓಡುವುದಿಲ್ಲ ನಿಜ, ಪೆಟ್ಟಿಗೆಯ ತುದಿಗಳಲ್ಲಿ ಕರೆಂಟು ಇರುತ್ತದೆ. ಆಟೋ ಸ್ಟಾರ್ಟರ್ ಹಾಕಿಸಿದ್ದರೆ ಇನ್ನೂ ಕಷ್ಟ, ಕೈ ಒಳಗಿರುವಾಗಲೇ ತ್ರೀ ಫೇಸ್ ಬಂದು ಕಾಂಟ್ಯಾಕ್ಟರು ‘ಧಡ್’ ಎಂದು ಹಿಡಿಯುತ್ತದೆ. ಬೆಚ್ಚಿ ಬಿದ್ದ ಕೈಯಿಂದ ಬ್ಯಾಟ್ರಿ ಎಲ್ಲಿ ಬೀಳುತ್ತದೆ ಹೇಳಿ. ಮುಚ್ಚಳ ತೆಗೆಯುವ ಮೊದಲು ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕಾಲಡಿಗೆ ಒಣ ಹಲಗೆ ಇರಲಿ. ಒಳಗಿನ ಕೆಲಸಕ್ಕೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ.

ಟಾರ್ಚಿನ ಆರೈಕೆ ಹೆಚ್ಚಿನದಲ್ಲ. ಕೆಸರು, ಗ್ರೀಸು ಹತ್ತಿದ ಪ್ಲಾಸ್ಟಿಕ್ಕಿನ ಮೇಲೆ ಆ ಒದ್ದೆ ಕೊಳೆಯಲ್ಲೇ ಕರೆಂಟು ಹರಿದೀತು, ಒಣ ಬಟ್ಟೆಯಲ್ಲಿ ಒರೆಸಿ ಇಡಿ. ಪೆಟ್ರೋಲು, ಥಿನ್ನರಿನಲ್ಲಿ ತೊಳೆಯಬೇಡಿ. ಸೊಳ್ಳೆಗೆಂದು ಕೈಗೆ ಹಚ್ಚುವ ಕೆಲವು ಮುಲಾಮುಗಳೂ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಕೂದಲೆಳೆ ಬಿರುಕು ಕಂಡರೂ ಅದನ್ನು ಕರೆಂಟಿನ ಕೆಲಸದಿಂದ ತೆಗೆದುಬಿಡಿ. ಬಳಸದ ತಿಂಗಳುಗಳಲ್ಲಿ ಸೆಲ್ಲು ಬಿಚ್ಚಿಡಿ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ಹುಲ್ಲಿನಲ್ಲಿ ಬಿದ್ದರೂ ಸಿಗುತ್ತದೆ.

ಕಳೆದ ಮಳೆಗಾಲದಲ್ಲಿ ಪಕ್ಕದ ತೋಟದವರು ಕೇಳಿದರು, “ಹಂಗಾದ್ರೆ ಮೇಷ್ಟ್ರೇ, ನಮ್ಮಪ್ಪನ ಕಾಲದ ಹಿತ್ತಾಳೆ ಬ್ಯಾಟ್ರಿ ಬಿಸಾಕ್ಬೇಕಾ?” ಬಿಸಾಡುವುದೇಕೆ, ಒಳ್ಳೆಯ ಸಾಮಾನು. ಬದುವಿನ ಮೇಲೆ ನಡೆಯಲು, ಹಾವು ಕಪ್ಪೆ ನೋಡಲು, ರಾತ್ರಿ ಹಸು ಕೂಗಿದರೆ ಕೊಟ್ಟಿಗೆಗೆ ಹೋಗಲು ಅದೇ ಇರಲಿ ಎಂದೆ. ಅವರು ಪಂಪ್‌ಹೌಸಿನ ಬಾಗಿಲಿಗೆ ಎರಡು ಮೊಳೆ ಹೊಡೆದಿದ್ದಾರೆ. ಹೊರಗಿನ ಮೊಳೆಗೆ ಹಿತ್ತಾಳೆಯದನ್ನು ತಗುಲಿಸಿ, ಒಳಗಿನ ಮೊಳೆಯಿಂದ ಹಳದಿ ಪ್ಲಾಸ್ಟಿಕ್ಕಿನದನ್ನು ತೆಗೆದುಕೊಂಡು ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಅವರ ಮಗ, ಹತ್ತನೇ ಕ್ಲಾಸಿನ ಹುಡುಗ, ಮೊನ್ನೆ ಕತ್ತಲಲ್ಲಿ ಅವಸರದಿಂದ ಒಳಗೆ ಓಡಿದವನು ಅರ್ಧಕ್ಕೆ ನಿಂತು, ಹಿಂದೆ ಬಂದು, ಕೈಯಲ್ಲಿದ್ದದ್ದನ್ನು ಹೊರಗಿನ ಮೊಳೆಗೆ ತಗುಲಿಸಿ ಹೋದದ್ದನ್ನು ನಾನು ಬೇಲಿಯಾಚೆಯಿಂದ ನೋಡಿದೆ.